ಬಿದ್ದುಹೋದ ಗುಡಿಸು

ಆ ಪ್ರಕಾಶನದ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರ ಬಾಯಲ್ಲೂ ಅವಳು ಗುಡಿಸಕ್ಕ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರ ಅವಳನ್ನು ಕಸ ಗುಡಿಸುವವಳೆಂದು ತಿಳಿದು, 'ಅಕ್ಕ, ನನ್ನ ಮೇಜಿನ ಕೆಳಗೆ ಸ್ವಲ್ಪ ಧೂಳಿದೆ ನೋಡಿ' ಎನ್ನುವುದೂ, ಉಳಿದವರು ಕಡತದ ಹಿಂದೆ ಮುಖ ಮರೆಸಿಕೊಂಡು ನಗುವುದೂ ಅಲ್ಲಿ ಮಾಮೂಲು. ಅವಳ ಗುಡಿಸು ಬೇರೆಯದು. ಅಕ್ಷರದ ತಲೆಯ ಮೇಲೆ ಸುಳಿಯಂತೆ ಕೂತು ಕ-ವನ್ನು ಕಿ ಮಾಡುವ, ಸ-ವನ್ನು ಸಿ ಮಾಡುವ ಗುಡಿಸು. ಅದು ನಾನೂರು ಪುಟದ ಪುಸ್ತಕದಲ್ಲಿ ಎಲ್ಲಿ ಬಿದ್ದುಹೋಗಿದ್ದರೂ ಅವಳ ಕಣ್ಣು ನೆಟ್ಟಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಕರಡು ತಿದ್ದಿದವಳು ಅವಳು. ಹೋಟೆಲಿನ ತಿಂಡಿಪಟ್ಟಿ ಕೊಟ್ಟರೂ ಮೊದಲು ಕಾಗುಣಿತ ನೋಡಿ, ಆಮೇಲೆ ಹಸಿವು ನೋಡಿಕೊಳ್ಳುವ ಜಾತಿ.

ಎರಡು ವರ್ಷದಿಂದ ಕಚೇರಿಯಲ್ಲಿ ಕರಡು ಓದುವುದು ಯಂತ್ರ. ಪರದೆಯ ಮೇಲೆ ಸಾಲುಗಳು ಬರುತ್ತವೆ, ಯಂತ್ರ ಕೆಂಪು ಗೆರೆ ಎಳೆದು ಹೀಗಿರಬೇಕು ಎನ್ನುತ್ತದೆ, ಗುಡಿಸಕ್ಕ 'ಒಪ್ಪಿದೆ' ಎನ್ನುವ ಗುಂಡಿ ಒತ್ತುತ್ತಾಳೆ. 'ಒಪ್ಪಿಲ್ಲ' ಎನ್ನುವ ಗುಂಡಿಯೂ ಇದೆ. ಅದನ್ನು ಒತ್ತಿದರೆ ಕಾರಣ ಬರೆಯಬೇಕು, ಬರೆದ ಕಾರಣ ಸಾಲದೆಂದು ಯಂತ್ರ ಮತ್ತೆ ಕೇಳುತ್ತದೆ. ಹೀಗಾಗಿ ಆ ಗುಂಡಿಯ ಮೇಲಿನ ಬರಹ ಇನ್ನೂ ಮಾಸದೆ ಹೊಸದಾಗಿಯೇ ಉಳಿದಿದೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕಚೇರಿಯ ಫೋನು ಹೊಡೆದುಕೊಂಡಿತು. ಆ ಫೋನಿಗೆ ಈಗ ಯಾರೂ ಮಾಡುವುದಿಲ್ಲವಾದ್ದರಿಂದ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎದ್ದವಳು ಗುಡಿಸಕ್ಕ.

'ಕಾಡು ಗೆಡ್ಡೆಗಳ ಪುಸ್ತಕ ಮಾಡಿದ್ದು ನೀವೇನಾ?' ಆ ಕಡೆ ಒಬ್ಬ ಗಂಡಸು ಕೇಳಿದ. 'ನಾನು ಬಟ್ಟೆ ಹೊಲಿಯೋನು. ನನ್ನ ಹೆಂಡತಿ ಆಸ್ಪತ್ರೇಲಿದಾಳೆ. ಬಾಯಿ, ಗಂಟಲು ಎಲ್ಲಾ ಊದ್ಕೊಂಡಿದೆ. ಬಿಳಿಬಳ್ಳಿಗೆಡ್ಡೆ ತಿಂದಿದ್ವಿ.'

'ಬೇಯಿಸಿ ತಾನೇ ತಿಂದಿದ್ದು?'

'ಇಲ್ಲಮ್ಮ. ಬೇಯಿಸಬಾರದು ಅಂತ ಇತ್ತಲ್ಲ. ಫೋನಲ್ಲಿ ಕೇಳಿದ್ದಕ್ಕೆಲ್ಲಾ ಉತ್ತರ ಹೇಳುತ್ತಲ್ಲ ಆ ಯಂತ್ರ, ಅದನ್ನ ಕೇಳಿದ್ವಿ. ಹಸಿಯಾಗಿದ್ರೆ ಮಾತ್ರ ತಿನ್ನಬಹುದು ಅಂತು. ನಿಮ್ಮ ಪುಸ್ತಕದ ಹೆಸರು, ಬರೆದವರ ಹೆಸರು, ಪುಟ ಇನ್ನೂರ ಹನ್ನೆರಡು, ಎಲ್ಲಾ ಹೇಳ್ತು. ಮನೇಲಿ ಇನ್ನೂ ಅರ್ಧ ಚೀಲ ಇದೆ. ಅದನ್ನ ಏನು ಮಾಡೋದು?'

'ತಿನ್ನಬೇಡಿ. ಎಸೆದುಬಿಡಿ. ಅಕ್ಕಪಕ್ಕದವರಿಗೂ ಹೇಳಿ' ಎಂದಳು. ಫೋನು ಇಟ್ಟಳು. ಇನ್ನೂರ ಹನ್ನೆರಡನೆಯ ಪುಟದಲ್ಲಿ ಏನಿದೆ ಎಂದು ಅವಳಿಗೆ ಪುಸ್ತಕ ತೆಗೆದು ನೋಡಬೇಕಾಗಿರಲಿಲ್ಲ. ಎಂಟು ವರ್ಷದಿಂದ ಆ ಪುಟ ಅವಳ ಹೊಟ್ಟೆಯೊಳಗೇ ಇತ್ತು.

ಆ ಪುಸ್ತಕ ಬರೆದವರು ಅವಳ ಅತ್ತಿಗೆ, ಸ್ವಂತ ಅಣ್ಣನ ಹೆಂಡತಿ. ನಲವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ರಜೆ ಬಂತೆಂದರೆ ಕೈಚೀಲ, ಗುದ್ದಲಿ, ಒಂದು ನೋಟುಬುಕ್ಕು ಹಿಡಿದು ಕಾಡು ಸೇರಿಬಿಡುತ್ತಿದ್ದರು. ಅಣ್ಣ, 'ಇವಳು ನನ್ನ ಕೈ ಹಿಡಿದಿದ್ದಕ್ಕಿಂತ ಗುದ್ದಲಿ ಹಿಡಿದಿದ್ದೇ ಹೆಚ್ಚು' ಎನ್ನುತ್ತಲೇ ಬದುಕಿ, ಹಾಗೆನ್ನುತ್ತಲೇ ತೀರಿಕೊಂಡ. ಇಪ್ಪತ್ತೆರಡು ವರ್ಷದ ಓಡಾಟವೆಲ್ಲ ಒಂದು ಪುಸ್ತಕವಾಯಿತು. ಯಾವ ಗೆಡ್ಡೆ ತಿನ್ನಬಹುದು, ಯಾವುದು ಕೂಡದು, ಹೇಗೆ ತೊಳೆಯಬೇಕು, ಎಷ್ಟು ಹೊತ್ತು ಕುದಿಸಬೇಕು. ಅದರ ಕರಡು ಬೇರೆ ಯಾರ ಕೈಗೂ ಹೋಗಕೂಡದು, ನನ್ನ ನಾದಿನಿಯೇ ನೋಡಬೇಕು ಎಂದು ಅವರು ಹಟ ಹಿಡಿದಿದ್ದರು.

ಅವಳೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅತ್ತಿಗೆ ಬರೆದದ್ದು ಹಳೆಯ ಫಾಂಟಿನಲ್ಲಿ. ಅದನ್ನು ಹೊಸ ಫಾಂಟಿಗೆ ಬದಲಿಸುವಾಗ ಗುಡಿಸುಗಳು ಮಾಗಿದ ಹಣ್ಣಿನಂತೆ ಉದುರಿಬಿಟ್ಟವು. ಮುನ್ನೂರಕ್ಕೂ ಹೆಚ್ಚು ಕಡೆ ಎತ್ತಿ ಎತ್ತಿ ಕೂರಿಸಿದಳು. ನೀರಿನಲ್ಲಿ ಎಂಬುದು 'ನೀರನಲ್ಲ' ಎಂದಿದ್ದರೆ ಕಣ್ಣಿಗೆ ರಾಚುತ್ತದೆ, 'ಗಡ' ಎಂದಿದ್ದರೆ ಗಿಡವೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ 'ಬೇಯಿಸಿದ ಗೆಡ್ಡೆಯನ್ನು ಮಾತ್ರ ತಿನ್ನಬಹುದು' ಎಂಬಲ್ಲಿ ಸ-ದ ಮೇಲಿನ ಗುಡಿಸು ಬಿದ್ದು 'ಬೇಯಿಸದ ಗೆಡ್ಡೆಯನ್ನು ಮಾತ್ರ ತಿನ್ನಬಹುದು' ಎಂದಾಗಿತ್ತು. ಕುಂಟಿದ ಪದವೆಲ್ಲ ಸಿಕ್ಕಿಬಿತ್ತು. ಇದು ಕುಂಟಲಿಲ್ಲ, ಸಭ್ಯಸ್ಥನಂತೆ ನೆಟ್ಟಗೆ ನಿಂತಿತ್ತು. ಮೂರನೆಯ ಕರಡಿನ ಕೊನೆಯ ಹಾಳೆಯಲ್ಲಿ ಅವಳು ಎಂದಿನಂತೆ 'ಅಚ್ಚಿಗೆ ಕಳಿಸಬಹುದು' ಎಂದು ಬರೆದು ಸಹಿ ಮಾಡಿದಳು.

ಐನೂರು ಪ್ರತಿ ಅಚ್ಚಾಯಿತು. ಮೊದಲ ಪ್ರತಿಯನ್ನು ಅವಳೇ ಅತ್ತಿಗೆಗೆ ಕೊಟ್ಟು ಬಂದಳು. ಒಳಪುಟದಲ್ಲಿ, 'ಅತ್ತಿಗೆಗೆ, ಒಂದೂ ತಪ್ಪಿಲ್ಲದ ಪುಸ್ತಕ, ನಿಮ್ಮ ನಾದಿನಿಯಿಂದ' ಎಂದು ಬರೆದೂ ಕೊಟ್ಟಳು. ಹತ್ತು ದಿನ ಕಳೆದು ಊಟದ ಬಿಡುವಿನಲ್ಲಿ ಸುಮ್ಮನೆ ಪುಟ ತಿರುವುತ್ತಿದ್ದಾಗ ಆ ಸಾಲು ಕಂಡಿತು. ಊಟ ಅಲ್ಲಿಗೇ ಬಿಟ್ಟು ಎದ್ದಳು. ಅಂದೇ 'ತಪ್ಪು–ಒಪ್ಪು' ಚೀಟಿ ಅಚ್ಚು ಹಾಕಿಸಿ, ಶನಿವಾರ ಭಾನುವಾರ ಗೋದಾಮಿನಲ್ಲಿ ನೆಲದ ಮೇಲೆ ಕೂತು, ಇನ್ನೂ ಹೊರಗೆ ಹೋಗಿರದ ನಾನೂರ ತೊಂಬತ್ತೊಂಬತ್ತು ಪ್ರತಿಗಳಿಗೂ ಒಬ್ಬಳೇ ಅಂಟಿಸಿದಳು. ಉಳಿದ ಒಂದೇ ಒಂದು ಪ್ರತಿಗೆ ಅಂಟಿಸಲಿಲ್ಲ. ಅದು ಅತ್ತಿಗೆಯದು.

ಅಂಟಿಸಬೇಕೆಂದು ನಾಲ್ಕು ಸಲ ಹೋಗಿ ಬಂದಳು. ಹೋದಾಗಲೆಲ್ಲ ಅತ್ತಿಗೆ ಬಂದವರಿಗೆ ಆ ಒಳಪುಟ ತೆರೆದು ತೋರಿಸಿ, 'ನೋಡಿ, ಒಂದೂ ತಪ್ಪಿಲ್ಲ. ನಮ್ಮ ನಾದಿನಿ ತಿದ್ದಿದ್ದು' ಎಂದು ಹೇಳುತ್ತಿದ್ದರು. ಚೀಟಿ ಕೈಚೀಲದಲ್ಲಿ ಹಾಗೇ ಉಳಿಯಿತು. ಬರೆದವರಿಗೆ ಸರಿ ಯಾವುದೆಂದು ಗೊತ್ತೇ ಇದೆ, ಅವರ ಪ್ರತಿಗೇಕೆ ಚೀಟಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಾವೂ ನೀವೂ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುವಂಥದೇ ಸಮಾಧಾನ. ಅವಳೊಬ್ಬಳನ್ನೇ ಯಾಕೆ ಬೈಯಬೇಕು.

ಈಗ ಫೋನು ಇಟ್ಟವಳೇ ಕಂಪ್ಯೂಟರಿನಲ್ಲಿ ಪುಸ್ತಕದ ಹೆಸರು ಹಾಕಿ ಹುಡುಕಿದಳು. ಕದ್ದ ಪುಸ್ತಕಗಳ ತಾಣವೊಂದರಲ್ಲಿ ಇಡೀ ಪುಸ್ತಕ ಸಿಕ್ಕಿತು, ಬಿಟ್ಟಿಯಾಗಿ. ಮೊದಲ ಪುಟ ತೆರೆದಳು. 'ಅತ್ತಿಗೆಗೆ, ಒಂದೂ ತಪ್ಪಿಲ್ಲದ ಪುಸ್ತಕ.' ಅವಳದೇ ಕೈಬರಹ. ಅತ್ತಿಗೆ ಯಾವಳೋ ಸಂಶೋಧನೆ ಮಾಡುವವಳಿಗೆ ಪುಸ್ತಕ ಕೊಟ್ಟಿದ್ದರು, ಅವಳು ಸ್ಕ್ಯಾನ್ ಮಾಡಿಕೊಂಡು ವಾಪಸು ತಂದುಕೊಟ್ಟಿದ್ದಳು, ಆಮೇಲೆ ಲೋಕೋಪಕಾರವೆಂದು ಎತ್ತಿ ತಾಣಕ್ಕೆ ಹಾಕಿದ್ದಳು. ಚೀಟಿ ಅಂಟಿಸಿದ ನಾನೂರ ತೊಂಬತ್ತೊಂಬತ್ತು ಪುಸ್ತಕ ಗ್ರಂಥಾಲಯಗಳ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಚೀಟಿಯಿಲ್ಲದ್ದು ಜಗತ್ತೆಲ್ಲ ಸುತ್ತುತ್ತಿತ್ತು. ಯಂತ್ರ ಓದಿ ಕಲಿತದ್ದೂ ಅದನ್ನೇ.

ಅವಳು ತನ್ನ ಫೋನಿನ ಯಂತ್ರವನ್ನೇ ಕೇಳಿದಳು. ಬಿಳಿಬಳ್ಳಿಗೆಡ್ಡೆಯನ್ನು ಹಸಿಯಾಗಿಯೇ ತಿನ್ನಬೇಕೆಂದು ಅದು ಬಹಳ ವಿನಯದಿಂದ ಹೇಳಿತು. ಯಾಕೆ ಎಂದು ಕೇಳಿದರೆ, ಬೇಯಿಸಿದರೆ ಅದರ ನಂಜು ಹೆಚ್ಚುತ್ತದೆ ಎಂದು ಕಾರಣವನ್ನೂ ಕೊಟ್ಟಿತು. ಆ ಕಾರಣ ಅತ್ತಿಗೆಯ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಬಿದ್ದುಹೋದ ಒಂದು ಗುಡಿಸಿಗೆ ಯಂತ್ರ ತಾನೇ ಕೂತು ಒಂದು ಶಾಸ್ತ್ರ ಕಟ್ಟಿಕೊಟ್ಟಿತ್ತು. 'ಅದು ಅಚ್ಚಿನ ತಪ್ಪು, ಬೇಯಿಸಿದ ಎಂದಿರಬೇಕು' ಎಂದು ಬರೆದಳು. 'ನೀವು ಹೇಳಿದ್ದು ಸರಿ, ತಪ್ಪಿಗೆ ಕ್ಷಮಿಸಿ, ತಿದ್ದಿದ್ದಕ್ಕೆ ಧನ್ಯವಾದ' ಎಂದಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಪಕ್ಕದ ಮೇಜಿನವನ ಫೋನಿನಲ್ಲಿ ಕೇಳಿಸಿದಳು. ಹಸಿಯಾಗಿಯೇ ತಿನ್ನಬೇಕು ಎಂದಿತು, ಅದೇ ವಿನಯದಿಂದ.

ಕದ್ದ ತಾಣಕ್ಕೆ ಬರೆದಳು. ವಿಳಾಸವಿಲ್ಲ, ಮನುಷ್ಯರಿಲ್ಲ, ಇದ್ದದ್ದು ಒಂದು ಗುಂಡಿ. ಒತ್ತಿದರೆ 'ನಿಮ್ಮ ದೂರು ನಮಗೆ ಮುಖ್ಯ' ಎಂದಿತು. ಅತ್ತಿಗೆಯ ಪುಸ್ತಕವನ್ನು ಆಧರಿಸಿದ ಪ್ರಬಂಧಗಳನ್ನು ತೆಗೆದು ನೋಡಿದಳು. ಮೂರರಲ್ಲಿ ಹಸಿಗೆಡ್ಡೆಯೇ ಇತ್ತು. ಒಂದರಲ್ಲಂತೂ ಯಂತ್ರದ ಕಾರಣವೂ ಸೇರಿಕೊಂಡು, ಅದಕ್ಕೊಂದು ಕೋಷ್ಟಕವೂ ಹುಟ್ಟಿತ್ತು. ಬರೆದವರು ಪದವಿ ಪಡೆದು, ಈಗ ತಾವೇ ಮಕ್ಕಳಿಗೆ ಪಾಠ ಹೇಳುತ್ತಿದ್ದರು.

ಮಧ್ಯಾಹ್ನ ನಿರ್ದೇಶಕರ ಕೋಣೆಗೆ ಹೋದಳು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

'ತಿದ್ದಿ ಮರುಮುದ್ರಣ ಮಾಡೋಣ ಸಾರ್. ಈ ವಾರವೇ. ಫೈಲನ್ನ ನಾನೇ ಸರಿ ಮಾಡಿ ತಂದಿದೀನಿ.'

ನಿರ್ದೇಶಕರು ಫೈಲನ್ನು ಯಂತ್ರಕ್ಕೆ ಹಾಕಿದರು. ನಕಲು ಎಷ್ಟಿದೆ ಎಂದು ನೋಡದೆ ಯಾವ ಪುಸ್ತಕವೂ ಈಗ ಅಚ್ಚಿಗೆ ಹೋಗುವಂತಿಲ್ಲ. ಎರಡು ನಿಮಿಷದಲ್ಲಿ ಪರದೆ ಕೆಂಪಾಯಿತು. ಶೇಕಡಾ ಎಂಬತ್ತಾರು.

'ಇದೆಲ್ಲಾ ಬೇರೆ ಕಡೆ ಇರೋದೇ ಅಕ್ಕ. ಹದಿನೈದು ದಾಟಿದ್ರೆ ನಾನೂ ಏನೂ ಮಾಡೋ ಹಾಗಿಲ್ಲ.'

'ಬೇರೆ ಕಡೆ ಇರೋದು ಇವರದ್ದನ್ನೇ ಕದ್ದು ಹಾಕಿರೋದಕ್ಕೆ ಅಲ್ವಾ ಸಾರ್?'

'ಯಾರು ಯಾರದ್ದನ್ನ ಕದ್ರು ಅಂತ ಅದು ಹೇಳಲ್ಲ. ಎಷ್ಟು ಹೊಂದುತ್ತೆ ಅಂತ ಮಾತ್ರ ಹೇಳತ್ತೆ.' ಅವರು ಪರದೆಯನ್ನು ಅವಳ ಕಡೆ ತಿರುಗಿಸಿದರು. 'ಇಲ್ಲಿ ನೋಡಿ, ಇನ್ನೂರ ಹನ್ನೆರಡನೇ ಪುಟದಲ್ಲಿ ಒಂದು ಕಾಗುಣಿತದ ತಪ್ಪೂ ತೋರಿಸ್ತಿದೆ.'

ಅವಳು ಎಂಟು ವರ್ಷದ ಮೇಲೆ ಕೂರಿಸಿದ ಗುಡಿಸಿನ ಕೆಳಗೆ ಕೆಂಪು ಗೆರೆ ಬಿದ್ದಿತ್ತು. 'ಬೇಯಿಸದ' ಎಂದಿರಬೇಕು, ಆಕರಗಳಲ್ಲಿ ಹಾಗೆಯೇ ಇದೆ, ಎಂದು ಯಂತ್ರ ಸೂಚಿಸಿತ್ತು. ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಗುಡಿಸಕ್ಕನ ಗುಡಿಸನ್ನೇ ಗುಡಿಸಿಹಾಕಲು ಒಬ್ಬರು ಹುಟ್ಟಿಕೊಂಡಿದ್ದರು. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನಿರ್ದೇಶಕರು ಸಂಕೋಚದಿಂದ ನೀರಿನ ಲೋಟ ಅವಳ ಮುಂದೆ ಸರಿಸಿದರು.

ಬುಧವಾರ ಇನ್ನೆರಡು ಮನೆಯವರು ಅದೇ ಆಸ್ಪತ್ರೆ ಸೇರಿದ್ದಾರೆಂದು ಗೊತ್ತಾಯಿತು. ಹೇಳಿದವನು ಆ ದರ್ಜಿಯೇ. ಹೆಂಡತಿಗೆ ಇನ್ನೂ ನೀರು ಇಳಿಯುತ್ತಿಲ್ಲ ಎಂದ. ಗುರುವಾರ ಬೆಳಿಗ್ಗೆ ಕಚೇರಿ ತೆರೆಯುತ್ತಲೇ ಗುಡಿಸಕ್ಕ ಆರೋಗ್ಯ ಕಚೇರಿಗೆ ಫೋನು ಮಾಡಿದಳು. ಅಲ್ಲಿನ ಅಧಿಕಾರಿ ತಾಳ್ಮೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

'ಜನಕ್ಕೆ ಹಂಚೋಕೆ ಒಂದು ಕರಪತ್ರ ಮಾಡ್ತಿದೀವಮ್ಮ. ಬೇಯಿಸಿ ತಿಂದಿದ್ರಿಂದ ಹೀಗಾಯ್ತೋ, ಹಸಿ ತಿಂದಿದ್ರಿಂದಾನೋ ಅನ್ನೋದೇ ಗೊತ್ತಾಗ್ತಿಲ್ಲ. ಒಂದು ಮನೆಯವರು ಬೇಯಿಸಿದ್ವಿ ಅಂತಾರೆ, ಇನ್ನೊಂದು ಮನೆಯವರು ಇಲ್ಲ ಅಂತಾರೆ. ಪುಸ್ತಕ ನೋಡಿದ್ರೆ ಹಸಿ ಅಂತಿದೆ. ಮೂರು ಪ್ರಬಂಧದಲ್ಲೂ ಹಾಗೇ ಇದೆ.'

'ಅದಕ್ಕೆ ತಪ್ಪು–ಒಪ್ಪು ಚೀಟಿ ಅಂಟಿಸಿದೀವಿ ಸಾರ್. ಫೋಟೋ ಕಳಿಸಿದೀನಿ ನೋಡಿ.'

'ನೋಡ್ದೆ. ಬೇಜಾರು ಮಾಡ್ಕೋಬೇಡಿ, ಇಂಥ ಚೀಟಿನ ಈಗ ಯಾರು ಬೇಕಾದ್ರೂ ಎರಡು ನಿಮಿಷಕ್ಕೆ ಮಾಡ್ಬಿಡ್ತಾರೆ. ಬರೆದವರೇ ಒಂದು ಮಾತು ಹೇಳಿದ್ರೆ ಆಗೋಯ್ತು. ಅವರ ನಂಬರ್ ಇದೆಯಾ?'

ಅವಳು ಸಂತೋಷದಿಂದ ನಂಬರು ಕೊಟ್ಟಳು. ಎರಡು ದಿನದಲ್ಲಿ ಮೊದಲ ಬಾರಿಗೆ ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಕೇಳುತ್ತೇನೆ ಎಂದಿದ್ದ. ಅರ್ಧ ದಿನ ರಜೆ ಬರೆದುಕೊಟ್ಟು, ಚೀಟಿಯೊಂದನ್ನು ಕೈಚೀಲದಲ್ಲಿಟ್ಟುಕೊಂಡು, ಅತ್ತಿಗೆಯ ಮನೆಗೆ ಬಸ್ಸು ಹತ್ತಿದಳು. ಎಂಟು ವರ್ಷ ನುಂಗಿಕೊಂಡದ್ದನ್ನು ಇವತ್ತು ಹೇಳಿಯೇ ಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಬಸ್ಸು ಎರಡು ಕಡೆ ಕೆಟ್ಟು ನಿಂತಿತು.

ಅತ್ತಿಗೆಗೆ ಎಪ್ಪತ್ತೆಂಟು. ಮಗಳ ಮನೆಯಲ್ಲಿದ್ದರು, ಮಗಳು ಕೆಲಸಕ್ಕೆ ಹೋಗಿದ್ದಳು. ಎರಡು ವರ್ಷದಿಂದ ಅವರ ನೆನಪು ಸೋರುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಮುಚ್ಚಿಡುತ್ತಿರಲಿಲ್ಲ. ಕಿಟಕಿಯ ಬಳಿ, ಭೂತಗನ್ನಡಿ ಹಿಡಿದು, ಮುಂದೆ ಅದೇ ಪುಸ್ತಕ ತೆರೆದುಕೊಂಡು ಕೂತಿದ್ದರು. ಮುಖ ಅರಳಿತ್ತು.

'ಬಾರೇ, ಬಾ. ನಿನಗೊಂದು ಸುದ್ದಿ ಇದೆ. ಬೆಳಿಗ್ಗೆ ಆರೋಗ್ಯ ಕಚೇರಿಯಿಂದ ಫೋನು ಮಾಡಿದ್ರು. ಇಷ್ಟು ವರ್ಷದ ಮೇಲೆ ನನ್ನ ಪುಸ್ತಕ ಒಬ್ಬರಿಗೆ ಬೇಕಾಯ್ತು ನೋಡು. ಬಿಳಿಬಳ್ಳಿಗೆಡ್ಡೆ ಬೇಯಿಸಬೇಕಾ ಬೇಡವಾ ಅಂತ ಕೇಳಿದ್ರು.'

'ಏನಂದ್ರಿ ಅತ್ತಿಗೆ?'

'ಬೇಯಿಸಬೇಕು ಅಂತಲೇ ಬಾಯಿಗೆ ಬಂತು ಕಣೆ. ಆದ್ರೆ ನನ್ನ ತಲೆನ ಈಗ ನಾನೇ ನಂಬಲ್ಲ. ನಿನ್ನೆ ಮೊಮ್ಮಗನ್ನ ನಿಮ್ಮಣ್ಣನ ಹೆಸರಿಟ್ಟು ಕರೆದೆ. ಅದಕ್ಕೆ ಒಂದು ನಿಮಿಷ ಇರಿ ಅಂತ ಪುಸ್ತಕ ತೆಗೆದು ನೋಡ್ದೆ. ಬೇಯಿಸದ್ದು ಅಂತಿತ್ತು. ನೀನು ತಿದ್ದಿದ ಪುಸ್ತಕ, ತಪ್ಪಿರತ್ತಾ? ಹಾಗೇ ಹೇಳ್ದೆ. ಬರೆದುಕೊಡಿ ಅಂದ್ರು, ಬರೆದು ಸಹಿ ಹಾಕಿ, ಪಕ್ಕದ ಮನೆಯವಳ ಕೈಲಿ ಫೋಟೋ ತೆಗೆಸಿ ಕಳಿಸ್ದೆ.'

ಗುಡಿಸಕ್ಕ ಅಲ್ಲೇ ಅವರ ಕಾಲ ಬಳಿ ನೆಲದ ಮೇಲೆ ಕೂತಳು. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. 'ತಪ್ಪು ನಂದು ಅತ್ತಿಗೆ. ಅಚ್ಚಾದಾಗಲೇ ಗೊತ್ತಾಗಿತ್ತು. ನಿಮ್ಮ ಹತ್ರ ಹೇಳೋಕೆ ಬಾಯಿ ಬರಲಿಲ್ಲ' ಎಂದು ಅತ್ತಳು.

ಅತ್ತಿಗೆ ಅವಳ ತಲೆ ಸವರಿದರು. ಕೋಪ ಮಾಡಿಕೊಳ್ಳಲಿಲ್ಲ. ಅವಳಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಕೋಪವೇ.

'ನನ್ನ ಮರೆವನ್ನ ಮುಚ್ಚೋಕೆ ನೀನು ತಪ್ಪು ಹೊತ್ಕೋಬೇಡ.'

'ಇಲ್ಲ ಅತ್ತಿಗೆ, ನಿಜವಾಗ್ಲೂ. ಇಲ್ಲಿ ನೋಡಿ' ಎಂದು ಚೀಟಿ ಕೊಟ್ಟಳು. ಅತ್ತಿಗೆ ಭೂತಗನ್ನಡಿ ಹಿಡಿದು ಎರಡು ಕಾಲಂಗಳನ್ನೂ ನೋಡಿದರು. ಕನ್ನಡಿಯನ್ನು ಹತ್ತಿರ ತಂದರು, ದೂರ ಹಿಡಿದರು.

'ಎರಡು ಕಡೇನೂ ಒಂದೇ ಇದೆಯಲ್ಲೇ. ಇದರಲ್ಲಿ ತಿದ್ದಿದ್ದೇನು?'

ಗುಡಿಸಕ್ಕ ಪದಗಳನ್ನು ಕಿವಿಯ ಹತ್ತಿರ ಬಿಡಿಸಿ ಬಿಡಿಸಿ ಹೇಳಿದಳು. ಬೇಯಿಸದ. ಬೇಯಿಸಿದ. ಅತ್ತಿಗೆಗೆ ಕೇಳಿಸಿತು, ಅರ್ಥವೂ ಆಯಿತು. ಮುಖ ಬಿಳಿಚಿಕೊಂಡಿತು. 'ಅಯ್ಯೋ, ಜನ ತಿಂದುಬಿಡ್ತಾರಲ್ಲೇ. ಫೋನು ಹಚ್ಚು ಬೇಗ' ಎಂದರು. ಅವಳು ನಂಬರು ಒತ್ತಿ, ಧ್ವನಿ ಇಬ್ಬರಿಗೂ ಕೇಳುವಂತೆ ಮಾಡಿ ಅವರ ಕೈಗೆ ಕೊಟ್ಟಳು.

'ಬೆಳಿಗ್ಗೆ ಮಾತಾಡಿದ್ನಲ್ಲ, ಗೆಡ್ಡೆ ಪುಸ್ತಕದವಳು. ಅದರಲ್ಲಿ ಒಂದು ತಪ್ಪಾಗಿದೆಯಂತೆ.'

'ಹೇಳಿ ಮೇಡಂ' ಎಂದರು ಅಧಿಕಾರಿ. ಹಿಂದೆ ಯಾರೋ ಅವರನ್ನು ಕರೆಯುತ್ತಿದ್ದರು, ಅವಸರದಲ್ಲಿದ್ದರು. 'ಯಾವುದು ಸರಿ? ಬೇಯಿಸಿದ್ದಾ, ಬೇಯಿಸದ್ದಾ?'

ಅತ್ತಿಗೆ ಬಾಯಿ ತೆರೆದರು. ಎರಡು ಪದ ಅವರ ತಲೆಯೊಳಗೆ ಒಂದಕ್ಕೊಂದು ತೆಕ್ಕೆ ಹಾಕಿಕೊಂಡು ಬಿದ್ದದ್ದು ಮುಖದಲ್ಲೇ ಕಾಣುತ್ತಿತ್ತು. ಗುಡಿಸಕ್ಕ 'ಬೇಯಿಸಿದ್ದು, ಬೇಯಿಸಿದ್ದು' ಎಂದು ಪಿಸುಗುಟ್ಟಿದಳು. ಅವರು ಸುಮ್ಮನಿರು ಎಂದು ಕೈಯೆತ್ತಿದರು. ನಲವತ್ತು ವರ್ಷ ಪಾಠ ಹೇಳಿದವರು. ಪಕ್ಕದಿಂದ ಹೇಳಿಕೊಟ್ಟದ್ದನ್ನು ಒಪ್ಪಿಸುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಏನು ಮಾಡಬೇಕೆಂದು ಮಕ್ಕಳಿಗೆ ಹೇಳುತ್ತಿದ್ದರೋ ಅದನ್ನೇ ಮಾಡಿದರು. ಪುಸ್ತಕವನ್ನು ಕನ್ನಡಿಯ ಕೆಳಗೆ ಎಳೆದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಸ್ಪಷ್ಟವಾಗಿ ಓದಿದರು.

'ಬೇಯಿಸದ ಗೆಡ್ಡೆಯನ್ನು ಮಾತ್ರ ತಿನ್ನಬಹುದು.'

ಗುಡಿಸಕ್ಕ ಫೋನು ಕಿತ್ತುಕೊಂಡಳು. 'ಸಾರ್, ಅದೇ ತಪ್ಪು ಸಾರ್. ಅವರಿಗೆ ನೆನಪಿಲ್ಲ, ಕಣ್ಣೂ ಕಾಣ್ಸಲ್ಲ. ಬೇಯಿಸಿದ್ದು ಅಂತ ಹಾಕಿ, ದಯವಿಟ್ಟು.'

'ಅಮ್ಮ, ಬರೆದವರು ಎರಡು ಸಲ ಹೇಳಿದ್ರು. ಸಹಿ ಮಾಡಿ ಕಳಿಸಿದಾರೆ. ಇಪ್ಪತ್ತು ಸಾವಿರ ಕರಪತ್ರ ಆಗ್ಲೇ ಅಚ್ಚಾಗ್ತಿದೆ, ನಾಳೆ ಮನೆ ಮನೆಗೆ ಹಂಚಬೇಕು. ಯಾವ ಆಧಾರದ ಮೇಲೆ ನಿಲ್ಲಿಸಲಿ ಹೇಳಿ. ತಾವು ಯಾರು ಅಂದ್ರಿ?'

'ಆ ಪುಸ್ತಕದ ಕರಡು ತಿದ್ದಿದವಳು.'

ಈ ಕಡೆ ಅತ್ತಿಗೆ, ಸರಿಯಾಗಿ ಹೇಳಿದೆ ತಾನೇ ಎನ್ನುವಂತೆ ಅವಳ ಮುಖ ನೋಡುತ್ತಿದ್ದರು.

'ಹಾಗಾದ್ರೆ ಈ ಪುಟ ಸರಿಯಾಗಿದೆ ಅಂತ ಅಚ್ಚಿಗೆ ಕಳಿಸಿದ್ದು ನೀವೇ ಅಲ್ವಾಮ್ಮ?' ಎಂದು ಅಧಿಕಾರಿ ಮೆತ್ತಗೆ ಕೇಳಿದರು.

ಅವಳು ಹೌದು ಎಂದಳು.